ಇಪ್ಪತ್ತನಾಲ್ಕು ಸರಿ, ಎಷ್ಟರಲ್ಲಿ?

(ಹಾಸನದಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪದವಿ ವಿದ್ಯಾರ್ಥಿಗಳು, ಕೆಲವು ಪತ್ರಕರ್ತರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಮಯ ಸಾಲದೆ ಅಂದು ಬಿಟ್ಟುಬಿಟ್ಟಿದ್ದ ಒಂದೆರಡು ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2025ರ ಜುಲೈ ತಿಂಗಳ ಒಂದು ರಾತ್ರಿ, ಹತ್ತೂವರೆ ದಾಟಿದ ಮೇಲೆ, ನನ್ನ ತಮ್ಮನ ಮಗ ಚನ್ನರಾಯಪಟ್ಟಣದಿಂದ ಫೋನ್ ಮಾಡಿದ. ಅವನಿಗೆ ಇಪ್ಪತ್ತೊಂಬತ್ತು ವರ್ಷ. ‘ಅತ್ತೆ, ಎಡಗೈ ಜೋಮು ಹಿಡಿದ ಹಾಗಿದೆ. ನಮ್ಮ ಜಿಲ್ಲೆಯಲ್ಲಿ ದಿನಕ್ಕೊಬ್ಬರು ಹೋಗುತ್ತಿದ್ದಾರಂತೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಮೈಸೂರಿಗೆ ಹೊರಡುತ್ತೇನೆ’ ಎಂದ. ಬೆಳಗಿನವರೆಗೆ ಕಾಯಬೇಡ, ಈಗಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸು ಎಂದೆ. ಮಾಡಿಸಿದ, ಏನೂ ತೊಂದರೆ ಇರಲಿಲ್ಲ. ಆದರೂ ಅವನಿಗೆ ನಿದ್ದೆ ಬರಲಿಲ್ಲ. ಎರಡು ದಿನ ಬಿಟ್ಟು ಮೈಸೂರಿಗೆ ಹೋಗಿ, ನಸುಕಿನ ಐದು ಗಂಟೆಯಿಂದ ಸರತಿಯಲ್ಲಿ ನಿಂತು, ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡು ಬಂದ. ಅವನಂಥ ನೂರಾರು ಜನ ಆ ದಿನಗಳಲ್ಲಿ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನಿಂತಿದ್ದರು. ನಿಮ್ಮಲ್ಲೂ ಕೆಲವರು ನಿಂತಿರಬಹುದು.

ಆ ಹುಡುಗನನ್ನು ಹೆದರಿಸಿದ್ದು ಒಂದು ಸಂಖ್ಯೆ. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಎಂಬುದು ಅಂದಿನ ಸುದ್ದಿ. ಅದು ಸುಳ್ಳು ಸಂಖ್ಯೆಯಲ್ಲ. ಅದರ ಹಿಂದೆ ನಿಜವಾದ ಮನೆಗಳಿದ್ದವು, ಮಕ್ಕಳನ್ನು ಕಳೆದುಕೊಂಡ ತಾಯಂದಿರಿದ್ದರು. ನಾನು ಮುಂದೆ ಹೇಳುವ ಯಾವ ಲೆಕ್ಕವೂ ಅವರ ದುಃಖವನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ, ಮಾಡಬಾರದು ಕೂಡ. ಆದರೆ ‘ನಮ್ಮ ಊರಿನ ಗಾಳಿಯಲ್ಲಿ, ನೀರಿನಲ್ಲಿ ಏನೋ ಸೇರಿದೆ’ ಎಂಬ ತೀರ್ಮಾನಕ್ಕೆ ಬರುವ ಮೊದಲು ಆ ಸಂಖ್ಯೆಯನ್ನು ಒಂದು ಪ್ರಶ್ನೆ ಕೇಳಬೇಕಿತ್ತು. ಎಷ್ಟರಲ್ಲಿ?

ಲೆಕ್ಕ ಮಾಡೋಣ. ಇದಕ್ಕೆ ನಾಲ್ಕನೆಯ ತರಗತಿಯ ಗಣಿತ ಸಾಕು. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಕರ್ನಾಟಕದಲ್ಲಿ ಒಂದು ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ತೀರಿಕೊಳ್ಳುತ್ತಾರೆ. ಕಡಿಮೆಯ ಕಡೆಗೇ ಇರಲಿ, ಆರು ಎಂದು ಹಿಡಿಯಿರಿ. ವರ್ಷಕ್ಕೆ ಸುಮಾರು 10,650 ಸಾವು. ದಿನಕ್ಕೆ 29. ನಲವತ್ತು ದಿನಕ್ಕೆ 1,160ಕ್ಕೂ ಹೆಚ್ಚು. ನಮ್ಮ ದೇಶದ ಸಾವುಗಳಲ್ಲಿ ನಾಲ್ಕರಲ್ಲಿ ಒಂದಕ್ಕೆ ಕಡಿಮೆಯಿಲ್ಲದಂತೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಆಗುತ್ತವೆ. ಹಾಗಾದರೆ ಯಾವ ಸುದ್ದಿಯೂ ಆಗದ, ಯಾರೂ ಗಮನಿಸದ ನಲವತ್ತು ದಿನಗಳಲ್ಲೂ ಈ ಜಿಲ್ಲೆಯಲ್ಲಿ ಅಂಥ ಸಾವುಗಳು ಹೆಚ್ಚುಕಡಿಮೆ 290 ಆಗುತ್ತವೆ ಎಂದಾಯಿತು.

ಈ 290 ಎಂಬುದು ಅಂದಾಜು. ಇದರಲ್ಲಿ ಪಾರ್ಶ್ವವಾಯು ಸೇರಿದೆ, ಎಂಬತ್ತು ದಾಟಿದವರೂ ಸೇರಿದ್ದಾರೆ. ಐವತ್ತು ಆಚೆ ಈಚೆ ಆಗಲಿ, ಚಿಂತೆಯಿಲ್ಲ. ನಾವು ಸೊನ್ನೆಯಿಂದ ಇಪ್ಪತ್ತಕ್ಕೆ ಏರಿದೆವು ಎಂದುಕೊಂಡು ಹೆದರಿದೆವು. ನಿಜವಾಗಿ ಆದದ್ದೇನೆಂದರೆ, ಎಂದಿನಿಂದಲೂ ಆಗುತ್ತಿದ್ದ ಇನ್ನೂರು ಮುನ್ನೂರು ಸಾವುಗಳಲ್ಲಿ ಇಪ್ಪತ್ತು ಚಿಲ್ಲರೆ ಸಾವುಗಳ ಮೇಲೆ ಒಮ್ಮೆಗೇ ಬೆಳಕು ಬಿತ್ತು.

ಸರ್ಕಾರ ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಎಂದು ಗೊತ್ತಾಯಿತು. ಉಳಿದ 20ರಲ್ಲೂ ಕೆಲವನ್ನು ಖಚಿತವಾಗಿ ಹೇಳಬಹುದಿತ್ತು, ಕೆಲವನ್ನು ‘ಇರಬಹುದು’ ಎನ್ನಬಹುದಿತ್ತು ಅಷ್ಟೆ. ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿದೆ ಎನ್ನಲು ಆಧಾರವಿಲ್ಲ ಎಂಬುದು ಸಮಿತಿಯ ತೀರ್ಮಾನ.

ಇಲ್ಲಿಗೆ ನಿಲ್ಲಿಸಿ, ಸದ್ಯ ಏನೂ ಆಗಿಲ್ಲವಲ್ಲ ಎಂದು ಎದ್ದು ಹೋದರೆ ಅದು ಇನ್ನೊಂದು ತಪ್ಪು. ಜನರನ್ನು ಕಲಕಿದ್ದು ಸಾವುಗಳ ಒಟ್ಟು ಸಂಖ್ಯೆಯಲ್ಲ, ಸತ್ತವರ ವಯಸ್ಸು. ನಲವತ್ತೈದರ ಒಳಗಿನವರು ಹೀಗೆ ಕುಸಿದು ಬೀಳುವುದು ಹಿಂದಿಗಿಂತ ಹೆಚ್ಚಾಗಿದೆಯೇ? ಇದಕ್ಕೆ ಉತ್ತರಿಸಬೇಕಾದರೆ ಹಿಂದಿನ ಐದು ವರ್ಷ, ಅದೇ ತಿಂಗಳುಗಳಲ್ಲಿ, ಅದೇ ವಯಸ್ಸಿನವರಲ್ಲಿ ಎಷ್ಟು ಹಠಾತ್ ಸಾವು ಆಗಿತ್ತು ಎಂಬ ಪಟ್ಟಿ ಬೇಕು. ಮನೆಯಲ್ಲಿ ಸತ್ತವರಿಗೆ ಮರಣೋತ್ತರ ಪರೀಕ್ಷೆ ಮಾಡಿಸುವುದು ನಮ್ಮಲ್ಲಿ ಅಪರೂಪ. ‘ಎದೆ ನೋವು ಎಂದ, ಕುಸಿದ, ಹೋದ’ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಹೋಲಿಸಿ ನೋಡಲು ನಮ್ಮ ಕೈಯಲ್ಲಿ ಹಳೆಯ ಅಳತೆಯೇ ಇಲ್ಲ. ಆಸ್ಪತ್ರೆಯ ಹೊರಗೆ ಆಗುವ ಇಂಥ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, 45 ವರ್ಷದೊಳಗಿನವರಿಗೆ ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಸರ್ಕಾರ ಆಮೇಲೆ ಘೋಷಿಸಿತು. ಆ ಇಡೀ ಗದ್ದಲದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಇದೇ. ಮುಂದೆ ಒಂದು ದಿನ ನಮ್ಮ ಮಕ್ಕಳಿಗೆ ಇದೇ ಭಯ ಬಂದರೆ, ತೆಗೆದು ನೋಡಲು ಅವರಿಗೆ ಒಂದು ಪುಸ್ತಕವಾದರೂ ಇರುತ್ತದೆ.

ಇನ್ನೂ ಒಂದು ಎಚ್ಚರಿಕೆ ಇದೆ, ಪತ್ರಕರ್ತ ಮಿತ್ರರು ದಯವಿಟ್ಟು ಗಮನಿಸಬೇಕು. ಆ ಜುಲೈ ತಿಂಗಳಲ್ಲಿ ಎಷ್ಟು ಜನ ಹೃದಯ ತಪಾಸಣೆಗೆ ಬಂದರು ಎಂದು ಗೆರೆ ಎಳೆದರೆ ಅದು ಗುಡ್ಡದಂತೆ ಏರುತ್ತದೆ. ಹೆಚ್ಚು ಜನರನ್ನು ಪರೀಕ್ಷಿಸಿದಾಗ ಹೆಚ್ಚು ಜನರಲ್ಲಿ ಬಿಪಿ, ಸಕ್ಕರೆ, ಹಳೆಯ ಹೃದ್ರೋಗ ಸಿಕ್ಕೇ ಸಿಗುತ್ತದೆ. ಆ ಗೆರೆಯನ್ನು ತೋರಿಸಿ ‘ಹಾಸನದಲ್ಲಿ ಹೃದ್ರೋಗಿಗಳ ಏರಿಕೆ’ ಎಂದು ಬರೆದರೆ ಅದು ತಪ್ಪು. ಏರಿದ್ದು ಭಯ, ಏರಿದ್ದು ತಪಾಸಣೆ. ರೋಗ ಏರಿದೆಯೋ ಇಲ್ಲವೋ ಎಂಬುದಕ್ಕೆ, ಪರೀಕ್ಷೆಗೆ ಬಂದ ನೂರು ಜನರಲ್ಲಿ ಎಷ್ಟು ಮಂದಿಗೆ ಸಿಕ್ಕಿತು ಎಂದು ಕೇಳಬೇಕು. ಅದನ್ನೂ ಹಿಂದಿನ ವರ್ಷದ ನೂರರೊಂದಿಗೆ ಹೋಲಿಸಬೇಕು.

ಸರಾಸರಿಗೆ ಬರೋಣ. ಇದನ್ನು ಹಾಸನದವರಿಗೆ ವಿವರಿಸುವುದು ಸುಲಭ. ನಮ್ಮ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು ಒಂದು ಸಾವಿರ ಮಿಲಿಮೀಟರ್ ಎನ್ನುತ್ತಾರೆ. ಸಕಲೇಶಪುರದಲ್ಲಿ ಎರಡು ಸಾವಿರ ದಾಟುತ್ತದೆ. ಅರಸೀಕೆರೆಯಲ್ಲಿ ಏಳುನೂರರ ಆಸುಪಾಸು. ಆ ಸರಾಸರಿಯನ್ನು ನಂಬಿ ಅರಸೀಕೆರೆಯ ರೈತ ಬಿತ್ತನೆ ಮಾಡುವುದಿಲ್ಲ, ಸಕಲೇಶಪುರದ ಬೆಳೆಗಾರ ಕಾಫಿ ಒಣಗಿಸುವುದಿಲ್ಲ. ಮಳೆಯ ವಿಷಯದಲ್ಲಿ ನಮಗೆಲ್ಲ ಇರುವ ಈ ತಿಳಿವಳಿಕೆ ಆರೋಗ್ಯದ ವರದಿ ಓದುವಾಗ ಏಕೋ ಕೈಕೊಡುತ್ತದೆ. ‘ತಾಲ್ಲೂಕಿನ ಗರ್ಭಿಣಿಯರ ಸರಾಸರಿ ಹಿಮೋಗ್ಲೋಬಿನ್ 11’ ಎಂದು ಬರೆದಿದ್ದರೆ ಎಲ್ಲರೂ ಸರಿಯಿದ್ದಾರೆ ಎಂದು ಪುಟ ತಿರುಗಿಸುತ್ತೇವೆ. ಗರ್ಭಿಣಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ. ಆ ಸರಾಸರಿಯ ಕೆಳಗೆ ಆರೂವರೆಯಲ್ಲಿ ನಡೆದಾಡುತ್ತಿರುವ ಒಬ್ಬ ಹೆಣ್ಣುಮಗಳು ಇರಬಹುದು. ಹೆರಿಗೆಯ ದಿನ ಸಾವಿನ ದವಡೆಗೆ ಹೋಗುವವಳು ಅವಳು. ಸರಾಸರಿ ಅವಳನ್ನು ಮರೆಮಾಡಿತು.

ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಮಧ್ಯಾಂಕವನ್ನು ನೆನಪಿಸಿಕೊಳ್ಳಿ. ಒಂದು ಬೀದಿಯ ಒಂಬತ್ತು ಮನೆಗಳಲ್ಲಿ ಡೆಂಗಿ ಬಂತು ಎಂದಿಟ್ಟುಕೊಳ್ಳಿ. ಚಿಕಿತ್ಸೆಗೆ ಖರ್ಚಾದದ್ದು ರೂಪಾಯಿಗಳಲ್ಲಿ 4,000, 5,000, 5,000, 6,000, 7,000, 8,000, 9,000, 12,000, ಕೊನೆಯ ಮನೆಗೆ 1,60,000. ಸರಾಸರಿ 24,000. ಎಂಟು ಮನೆಗಳು ಅದರ ಅರ್ಧವನ್ನೂ ದಾಟಿಲ್ಲ! ಸಾಲಾಗಿ ನಿಲ್ಲಿಸಿ ಮಧ್ಯದ ಐದನೆಯ ಮನೆ ನೋಡಿದರೆ 7,000. ‘ನಮ್ಮ ಬೀದಿಯ ಸಾಮಾನ್ಯ ಮನೆಗೆ ಎಷ್ಟು ಖರ್ಚಾಯಿತು’ ಎಂದು ಕೇಳಿದರೆ ಈ ಮಧ್ಯಾಂಕವೇ ಪ್ರಾಮಾಣಿಕವಾದ ಉತ್ತರ.

ಇಲ್ಲಿಗೆ ಪಾಠ ಮುಗಿಸುವುದು ರೂಢಿ. ನನಗೆ ಅದರಲ್ಲಿ ಸಮಾಧಾನವಿಲ್ಲ. ಮಧ್ಯಾಂಕ ಆ ಒಂಬತ್ತನೆಯ ಮನೆಯನ್ನು ಪೂರ್ತಿ ಅಳಿಸಿಹಾಕುತ್ತದೆ. ಅವರಿಗೆ ಒಂದೂವರೆ ಲಕ್ಷ ಖರ್ಚಾದರೂ, ಹದಿನೈದು ಲಕ್ಷವಾದರೂ ಮಧ್ಯಾಂಕ ಅದೇ 7,000. ತೋಟ ಅಡವಿಟ್ಟವರು ಆ ಮನೆಯವರು. ಆರೋಗ್ಯ ವಿಮೆ ಇರುವುದೇ ಅವರಿಗಾಗಿ. ಪಂಚಾಯಿತಿ ಅಥವಾ ಸರ್ಕಾರ ಖರ್ಚು ಭರಿಸುವುದಾದರೆ ಅವರಿಗೆ ಬೇಕಾದದ್ದು ಸರಾಸರಿ, ಏಕೆಂದರೆ ಸರಾಸರಿಯನ್ನು ಮನೆಗಳ ಸಂಖ್ಯೆಯಿಂದ ಗುಣಿಸಿದರೆ ಮಾತ್ರ ಒಟ್ಟು ಹಣ ಸಿಗುತ್ತದೆ. ಆದ್ದರಿಂದ ಯಾವುದು ಒಳ್ಳೆಯದು ಎಂದು ಕೇಳಬೇಡಿ. ವರದಿಯಲ್ಲಿ ಎರಡನ್ನೂ ಬರೆಯಿರಿ, ಅತಿ ಕಡಿಮೆ ಮತ್ತು ಅತಿ ಹೆಚ್ಚನ್ನೂ ಬರೆಯಿರಿ. ಸರಾಸರಿ, ಮಧ್ಯಾಂಕಗಳ ನಡುವೆ ಇಷ್ಟು ದೂರ ಕಂಡರೆ ‘ಯಾರೋ ಒಬ್ಬರಿಗೆ ದೊಡ್ಡ ಪೆಟ್ಟು ಬಿದ್ದಿದೆ’ ಎಂದು ಓದಿಕೊಳ್ಳಿ.

ಮಾನಕ ವಿಚಲನೆ ಎಂದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ತಲೆ ತಗ್ಗಿಸಿದ್ದು ಕಂಡಿತು. ಸೂತ್ರ ಬೇಡ. ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂದು ಹೇಳುವ ಸಂಖ್ಯೆ ಅದು. ಎರಡು ಊರುಗಳನ್ನು ಊಹಿಸಿಕೊಳ್ಳಿ, ಎರಡರಲ್ಲೂ ಸಾವಿರ ವಯಸ್ಕರು, ಎರಡರಲ್ಲೂ ಮೇಲಿನ ಬಿಪಿಯ ಸರಾಸರಿ 128. ಒಂದರಲ್ಲಿ ಮಾನಕ ವಿಚಲನೆ 8, ಇನ್ನೊಂದರಲ್ಲಿ 16. ಹಂಚಿಕೆ ಗಂಟೆಯ ಆಕಾರದಲ್ಲಿದ್ದರೆ, 140 ದಾಟಿದವರು ಮೊದಲ ಊರಿನಲ್ಲಿ ಸುಮಾರು 67 ಮಂದಿ, ಎರಡನೆಯ ಊರಿನಲ್ಲಿ ಸುಮಾರು 227 ಮಂದಿ. ಸರಾಸರಿ ಒಂದೇ, ಮಾತ್ರೆ ಬೇಕಾದವರು ಮೂರು ಪಟ್ಟಿಗಿಂತ ಹೆಚ್ಚು. ಔಷಧದ ಬೇಡಿಕೆ ಪಟ್ಟಿ ಬರೆಯುವವರು ಸರಾಸರಿಯನ್ನಷ್ಟೇ ನೋಡಿ ಎರಡೂ ಊರುಗಳಿಗೆ ಒಂದೇ ಸಮ ಕಳಿಸಿದರೆ ಎರಡನೆಯ ಊರಿನಲ್ಲಿ ತಿಂಗಳ ಮಧ್ಯದಲ್ಲೇ ಡಬ್ಬ ಖಾಲಿ.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ, ರಿಜಿಸ್ಟರ್. ನಾನು ಬಹಳ ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸಿದೆ. ಅವರನ್ನು ಕರೆದುಕೊಂಡು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಹೋಗುತ್ತಿದ್ದೆ. ಒಂದು ಕಡೆ ಬಿಪಿ ಪುಸ್ತಕ ತೆರೆದೆ. ಪುಟಕ್ಕೆ ಇಪ್ಪತ್ತೈದು ಸಾಲು. 120/80, 130/80, 120/80, 130/90, 120/80. ಮುಂದಿನ ಪುಟದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಪಾದರಸದ ಬಿಪಿ ಯಂತ್ರದಲ್ಲಿ ಗೆರೆಗಳು ಎರಡೆರಡು ಮಿಲಿಮೀಟರ್‌ಗೆ ಇರುತ್ತವೆ. ಕಣ್ಣಿಗೆ ಕಂಡದ್ದನ್ನು ಹಾಗೇ ಬರೆದರೆ ಕೊನೆಯ ಅಂಕಿ 0, 2, 4, 6, 8 ಐದೂ ಹೆಚ್ಚುಕಡಿಮೆ ಸಮನಾಗಿ ಬರಬೇಕು. ಇಪ್ಪತ್ತೈದು ಸಾಲಿನಲ್ಲಿ ಸೊನ್ನೆ ಐದಾರು ಕಡೆ ಇದ್ದರೆ ಸರಿ. ಅಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೈದೂ ಸೊನ್ನೆ.

ವಿದ್ಯಾರ್ಥಿಗಳು ನಕ್ಕರು. ನಾನು ಅವರನ್ನು ಗದರಿಸಿದೆ. ಬೆಳಿಗ್ಗೆಯಿಂದ ಲಸಿಕೆ ಹಾಕಿ, ಗರ್ಭಿಣಿಯರನ್ನು ನೋಡಿ, ಮಧ್ಯಾಹ್ನದ ಊಟ ತಣ್ಣಗಾಗುತ್ತಿರುವಾಗ ಮೂವತ್ತನೆಯ ತೋಳಿಗೆ ಪಟ್ಟಿ ಸುತ್ತುವ ಹೆಣ್ಣುಮಗಳು 134 ಕಂಡಾಗ 130 ಎಂದು ಬರೆಯುತ್ತಾಳೆ. ಅದು ಮೋಸವಲ್ಲ, ದಣಿವು. ಆದರೆ ಅದರ ಬೆಲೆ ಏನೆಂದು ನೋಡಿ. ಚಿಕಿತ್ಸೆಯ ಗಡಿ 140/90. 144 ಇದ್ದವರನ್ನು 140 ಎಂದೂ, 138 ಇದ್ದವರನ್ನು 140 ಎಂದೂ ಬರೆದರೆ ಗಡಿಯ ಎರಡೂ ಪಕ್ಕದವರು ಒಂದೇ ರಾಶಿಗೆ ಬಿದ್ದರು. ಆರು ತಿಂಗಳ ಮಾತ್ರೆಯಿಂದ 148 ಇದ್ದದ್ದು 142ಕ್ಕೆ ಇಳಿದರೆ ಅದು ದೊಡ್ಡ ಗೆಲುವು. ಆ ಗೆಲುವು ಪುಸ್ತಕದಲ್ಲಿ ಕಾಣುವುದೇ ಇಲ್ಲ, ಅಥವಾ ಇಲ್ಲದ ಗೆಲುವು ಕಾಣುತ್ತದೆ.

ಮಗುವಿನ ಹುಟ್ಟು ತೂಕದಲ್ಲಿ ಇದು ಇನ್ನೂ ಸೂಕ್ಷ್ಮ. 2.5 ಕಿಲೋಗಿಂತ ಕಡಿಮೆಯಾದರೆ ಕಡಿಮೆ ತೂಕದ ಮಗು ಎಂದು ಲೆಕ್ಕ. ಹೆರಿಗೆ ಪುಸ್ತಕ ತೆಗೆದುಕೊಂಡು ನೂರು ಗ್ರಾಮಿಗೊಂದು ಕಂಬದಂತೆ ಹಿಸ್ಟೋಗ್ರಾಂ ಬರೆಯಿರಿ. ಮಕ್ಕಳ ತೂಕ ಪ್ರಕೃತಿಯಲ್ಲಿ ಗುಡ್ಡದ ಇಳಿಜಾರಿನಂತೆ ನಯವಾಗಿ ಹಂಚಿಕೆಯಾಗಿರುತ್ತದೆ. ಬಹಳಷ್ಟು ಪುಸ್ತಕಗಳಲ್ಲಿ 2.5ರ ಮೇಲೆ ತೆಂಗಿನ ಮರದಂತೆ ಒಂದು ಕಂಬ ಎದ್ದು ನಿಂತಿರುತ್ತದೆ, ಅದರ ಎಡಕ್ಕೆ 2.4, 2.3ರ ಜಾಗದಲ್ಲಿ ಹಳ್ಳ. ಆ ಹಳ್ಳದಲ್ಲಿ ಇರಬೇಕಾಗಿದ್ದ ಮಕ್ಕಳೆಲ್ಲ ಎಲ್ಲಿ ಹೋದರು? 2.5ರ ಕಂಬ ಹತ್ತಿ ಕುಳಿತಿದ್ದಾರೆ. 2,420 ಗ್ರಾಂ ಇದ್ದ ಮಗುವನ್ನು ‘ಎರಡೂವರೆ’ ಎಂದು ಬರೆದರೆ ವರದಿ ಚೆಂದವಾಗುತ್ತದೆ. ಮನೆಗೆ ಬಂದು ಮತ್ತೆ ಮತ್ತೆ ತೂಕ ನೋಡಬೇಕಾಗಿದ್ದ, ತಾಯಿಯ ಎದೆಗೆ ಹೆಚ್ಚು ಹೊತ್ತು ಒತ್ತಿ ಬೆಚ್ಚಗಿಡಬೇಕಾಗಿದ್ದ ಮಗು ಪಟ್ಟಿಯಿಂದ ತಪ್ಪಿಹೋಗುತ್ತದೆ. ಸರಾಸರಿ ಹುಟ್ಟು ತೂಕವನ್ನು ಎಷ್ಟು ದಶಮಾಂಶಕ್ಕೆ ಬೇಕಾದರೂ ಲೆಕ್ಕ ಹಾಕಿ, ಅದು ಇದನ್ನು ಹೇಳಿಕೊಡುವುದಿಲ್ಲ. ಚಿತ್ರ ಬರೆದರೆ ಒಂದೇ ನೋಟಕ್ಕೆ ಕಾಣುತ್ತದೆ. ಅದಕ್ಕೇ ನಾನು ಯಾವ ಸಂಖ್ಯೆಯ ರಾಶಿ ಕೊಟ್ಟರೂ ಮೊದಲು ಹಿಸ್ಟೋಗ್ರಾಂ ಬರೆದು ಆಮೇಲೆ ಸರಾಸರಿಗೆ ಹೋಗುತ್ತೇನೆ.

ಇನ್ನೊಂದು ಚಿತ್ರ ನಿಮ್ಮ ಕೈಯಲ್ಲೇ ಇದೆ. ತಾಯಿ ಮಗುವಿನ ಆರೋಗ್ಯ ಬರೆದಿಡುವ ತಾಯಿ ಕಾರ್ಡ್ ತಂದಿರುವವರು ತೆಗೆಯಿರಿ. ಒಳಗೆ ಬೆಳವಣಿಗೆ ನಕ್ಷೆ ಇದೆ, ಹೆಣ್ಣುಮಗುವಿಗೆ ಗುಲಾಬಿ ಅಂಚು, ಗಂಡುಮಗುವಿಗೆ ನೀಲಿ ಅಂಚು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡ ಇದರ ಮೂಲ. ಅದಕ್ಕಾಗಿ ಆರು ದೇಶಗಳಲ್ಲಿ ಚೆನ್ನಾಗಿ ಎದೆಹಾಲು ಕುಡಿದು ಬೆಳೆದ ಸುಮಾರು 8,400 ಮಕ್ಕಳನ್ನು ಅಳೆದರು. ಭಾರತದ ಪರವಾಗಿ ದಕ್ಷಿಣ ದೆಹಲಿಯ ಮಕ್ಕಳು ಇದ್ದರು. ಆ ಮಾನದಂಡದ ನಟ್ಟನಡುವಿನ ಗೆರೆ ಮಧ್ಯಾಂಕ. ಆರೋಗ್ಯವಂತ ಮಕ್ಕಳಲ್ಲೂ ಅರ್ಧ ಮಂದಿ ಅದರ ಕೆಳಗೇ ಇರುತ್ತಾರೆ. ‘ನಮ್ಮ ಮಗು ಸರಾಸರಿಗಿಂತ ಕಡಿಮೆ’ ಎಂದು ಕಣ್ಣೀರು ಹಾಕುವ ತಾಯಂದಿರಿಗೆ ಇದನ್ನು ದಯವಿಟ್ಟು ಹೇಳಿ. ಸಾಮಾನ್ಯ ತೂಕದ ಹಸಿರು ಮುಗಿದು ಕಡಿಮೆ ತೂಕದ ಹಳದಿ ಶುರುವಾಗುವುದು ಮಧ್ಯಾಂಕದಿಂದ ಎರಡು ಮಾನಕ ವಿಚಲನೆ ಕೆಳಗೆ. ನೋಡಿದಿರಾ, ಹೆದರಿಸಿದ ಆ ಶಬ್ದವನ್ನು ನೀವು ದಿನಾ ಬಳಸುತ್ತಲೇ ಇದ್ದೀರಿ.

ಒಂದು ವರ್ಷದ ಹೆಣ್ಣುಮಗುವಿಗೆ ಮಧ್ಯಾಂಕ 8.9 ಕಿಲೋ, ಹಳದಿಯ ಗಡಿ 7.0. ಆಲೂರು ಕಡೆಯ ಒಂದು ಅಂಗನವಾಡಿಯಲ್ಲಿ ಎರಡು ಕಾರ್ಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೆ. ಮೊದಲ ಮಗು ಆರು ತಿಂಗಳಿಗೆ 7.3, ಒಂಬತ್ತಕ್ಕೆ 7.4, ಹನ್ನೆರಡಕ್ಕೆ 7.5. ಮೂರು ಚುಕ್ಕೆಯೂ ಹಸಿರಿನಲ್ಲೇ. ‘ನಮ್ಮ ಪುಟ್ಟಿ ಹಸಿರಿನಲ್ಲೇ ಇದ್ದಾಳಲ್ಲಮ್ಮ’ ಎಂದು ಅಜ್ಜಿ ಸಂತೋಷಪಟ್ಟರು. ಎರಡನೆಯ ಮಗು 5.6, 6.4, 7.1. ಮೊದಲೆರಡು ಚುಕ್ಕೆ ಹಳದಿಯಲ್ಲಿ, ಮೂರನೆಯದು ಈಗಷ್ಟೇ ಹಸಿರಿಗೆ ಕಾಲಿಟ್ಟಿದೆ. ತಿಂಗಳ ವರದಿಯಲ್ಲಿ ಎರಡೂ ಮಕ್ಕಳು ‘ಸಾಮಾನ್ಯ’ ಎಂಬ ಒಂದೇ ಕಾಲಂಗೆ ಬಿದ್ದಿದ್ದವು.

ಚುಕ್ಕೆಗಳನ್ನು ಪೆನ್ಸಿಲ್‌ನಿಂದ ಸೇರಿಸಿದೆ. ಎರಡನೆಯ ಮಗುವಿನ ಗೆರೆ ನಕ್ಷೆಯ ಗೆರೆಗಳಿಗಿಂತ ಕಡಿದಾಗಿ ಮೇಲಕ್ಕೆ ಏರುತ್ತಿತ್ತು. ಮೊದಲ ಮಗುವಿನ ಗೆರೆ ಮೇಜಿನ ಹಾಗೆ ಚಪ್ಪಟೆ. ಆರು ತಿಂಗಳಿಗೆ ಸರಿಯಾಗಿ ಮಧ್ಯಾಂಕದ ಮೇಲಿದ್ದ ಮಗು, ಆರು ತಿಂಗಳಲ್ಲಿ ಕೇವಲ ಇನ್ನೂರು ಗ್ರಾಂ ಏರಿ, ಹಳದಿಯ ಹೊಸ್ತಿಲಿಗೆ ಬಂದು ನಿಂತಿತ್ತು. ತಾಯಿಯನ್ನು ವಿಚಾರಿಸಿದಾಗ ಮೂರು ಸಲ ಭೇದಿಯಾಗಿದ್ದದ್ದೂ, ರಾಗಿ ಸರಿಯನ್ನು ನೀರಿನಂತೆ ತೆಳ್ಳಗೆ ಮಾಡಿ ಕುಡಿಸುತ್ತಿದ್ದದ್ದೂ ತಿಳಿಯಿತು. ಅವತ್ತೇ ಅಂಗನವಾಡಿಯ ಅಕ್ಕ ಅಲ್ಲೇ ಒಲೆ ಹಚ್ಚಿ, ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಸರಿ ಮಾಡಿ, ತುಪ್ಪ ಹಾಕಿ ತೋರಿಸಿದರು. ಚುಕ್ಕೆ ಮಗು ಎಲ್ಲಿದೆ ಎಂದು ಹೇಳುತ್ತದೆ, ಗೆರೆ ಎತ್ತ ಹೋಗುತ್ತಿದೆ ಎಂದು ಹೇಳುತ್ತದೆ. ಗೆರೆಯನ್ನು ಎಳೆಯದ ಕಾರ್ಡ್‌ಗಳೇ ನನಗೆ ಹೆಚ್ಚು ಸಿಕ್ಕಿರುವುದು. ಚುಕ್ಕೆ ಇಟ್ಟ ಮೇಲೆ ಗೆರೆ ಎಳೆಯಲು ಎರಡು ಸೆಕೆಂಡ್ ಸಾಕು. ದಯವಿಟ್ಟು ಎಳೆಯಿರಿ.

ಗ್ರಾಫ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನೋಡಬೇಕಾದದ್ದು ಬಹಳವಿಲ್ಲ. ಎಡಗಡೆಯ ಅಕ್ಷ ಎಲ್ಲಿಂದ ಶುರುವಾಗುತ್ತದೆ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ 2015–16ರಲ್ಲಿ ಶೇ 44.8, 2019–21ರಲ್ಲಿ ಶೇ 47.8. ಕಂಬಗಳನ್ನು 44ರಿಂದ ಶುರು ಮಾಡಿ ಬರೆದರೆ ಎರಡನೆಯದು ಮೊದಲನೆಯದರ ಸುಮಾರು ಐದು ಪಟ್ಟು ಎತ್ತರ ಕಾಣುತ್ತದೆ. ಸೊನ್ನೆಯಿಂದ ಬರೆದರೆ ಎರಡೂ ಹೆಚ್ಚುಕಡಿಮೆ ಸಮ. ಕಂಬದ ಚಿತ್ರ ಸೊನ್ನೆಯಿಂದಲೇ ಏಳಬೇಕು, ಏಕೆಂದರೆ ನಮ್ಮ ಕಣ್ಣು ಎತ್ತರವನ್ನೇ ಅಳೆಯುತ್ತದೆ. ಸೊನ್ನೆಯಿಂದ ಬರೆದಾಗ ಇನ್ನೊಂದು ಸತ್ಯವೂ ಕಣ್ಣಿಗೆ ಹೊಡೆಯುತ್ತದೆ. ಎರಡು ಕಂಬಗಳ ನಡುವಿನ ವ್ಯತ್ಯಾಸಕ್ಕಿಂತ ಎರಡೂ ಕಂಬ ಅರ್ಧದ ಹತ್ತಿರ ನಿಂತಿರುವುದೇ ದೊಡ್ಡ ಸುದ್ದಿ. ಆದರೆ ಗೆರೆಯ ಚಿತ್ರಕ್ಕೆ ಈ ನಿಯಮ ಇಲ್ಲ. ಜ್ವರದ ಚಾರ್ಟನ್ನು ಸೊನ್ನೆ ಡಿಗ್ರಿಯಿಂದ ಬರೆದರೆ 98.6 ಮತ್ತು 103 ಒಂದೇ ಕಡೆ ಅಂಟಿಕೊಂಡು, ಸುಡುವ ಜ್ವರವೂ ಕಾಣದೆ ಹೋಗುತ್ತದೆ. ವಾರ್ಡಿನ ಸಿಸ್ಟರ್ ಅದನ್ನು 95ರಿಂದ ಶುರು ಮಾಡುವುದು ಸರಿಯಾಗಿಯೇ ಇದೆ.

ಯಾವ ತಿಂಗಳನ್ನು ಯಾವುದರೊಂದಿಗೆ ಹೋಲಿಸಿದ್ದಾರೆ ನೋಡಿ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು. ಉಣ್ಣೆ (ಉಣುಗು) ಹುಳಗಳಿಂದ ಹರಡುವ ಅದು ಡಿಸೆಂಬರ್‌ನಿಂದ ಮೇವರೆಗೆ ಕಾಡಿ, ಮಳೆ ಹಿಡಿದ ಮೇಲೆ ಇಳಿಯುತ್ತದೆ. ಮಾರ್ಚ್ ತಿಂಗಳನ್ನು ಜುಲೈಗೆ ಹೋಲಿಸಿ ‘ನಮ್ಮ ಜಾಗೃತಿ ಕಾರ್ಯಕ್ರಮದಿಂದ ರೋಗ ಇಳಿಯಿತು’ ಎಂದು ಯಾರಾದರೂ ಗ್ರಾಫ್ ತೋರಿಸಿದರೆ ಆ ಕೀರ್ತಿ ಮಳೆಗೆ ಸಲ್ಲಬೇಕು. ಮಾರ್ಚ್‌ಗೆ ಹಿಂದಿನ ವರ್ಷದ ಮಾರ್ಚೇ ಜೊತೆ.

ಜಿಲ್ಲೆ ಜಿಲ್ಲೆಗಳನ್ನು ಹೋಲಿಸುವಾಗ ವಯಸ್ಸು ಮರೆಯಬೇಡಿ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15ಕ್ಕಿಂತ ಹೆಚ್ಚು ಬೆಳೆಯಿತು. ಹಾಸನ ಬೆಳೆದದ್ದು ಶೇ 3ರಷ್ಟು. ಚಿಕ್ಕಮಗಳೂರಿನ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. ಮಕ್ಕಳು ಕಡಿಮೆ ಹುಟ್ಟುತ್ತಿದ್ದಾರೆ, ಹುಡುಗರು ಬೆಂಗಳೂರಿಗೆ ಹೋಗಿದ್ದಾರೆ, ಊರಿನಲ್ಲಿ ವಯಸ್ಸಾದವರು ಉಳಿದಿದ್ದಾರೆ. ಇಂಥ ಜಿಲ್ಲೆಯಲ್ಲಿ ಸಾವಿರಕ್ಕೆ ಹೃದ್ರೋಗದ ಸಾವು ಹೆಚ್ಚು ಕಂಡರೆ ಅದು ನೀರಿನ ದೋಷವಾಗಬೇಕಿಲ್ಲ, ವಯಸ್ಸಿನ ಲೆಕ್ಕವಾಗಿರಬಹುದು. ನಲವತ್ತರವರನ್ನು ನಲವತ್ತರವರೊಂದಿಗೆ, ಎಪ್ಪತ್ತರವರನ್ನು ಎಪ್ಪತ್ತರವರೊಂದಿಗೆ ಹೋಲಿಸಿದಾಗಲೇ ನಿಜ ಗೊತ್ತಾಗುವುದು. ಊರು ಹಾಸನ, ವಾಸ ಬೆಂಗಳೂರು ಆದವರು ಅಲ್ಲಿ ತೀರಿಕೊಂಡರೆ ಯಾವ ಜಿಲ್ಲೆಯ ಪಟ್ಟಿಗೆ ಸೇರಿಸಬೇಕು ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ.

ಸಣ್ಣ ಸಂಖ್ಯೆಗಳಿಗೆ ಶೇಕಡ ಹಾಕುವುದು ನನಗೆ ಬಹಳ ನೋವು ಕೊಡುವ ಅಭ್ಯಾಸ. ಒಂದು ಜಿಲ್ಲೆಯಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರ ಹೆರಿಗೆ ಎಂದಿಟ್ಟುಕೊಳ್ಳಿ. ತಾಯಂದಿರ ಮರಣವನ್ನು ಲಕ್ಷ ಜೀವಂತ ಜನನಕ್ಕೆ ಲೆಕ್ಕ ಹಾಕುತ್ತಾರೆ. ಅಲ್ಲಿ ಒಂದೇ ಒಂದು ಸಾವು ಆ ಪ್ರಮಾಣವನ್ನು ಐದು ಏರಿಸುತ್ತದೆ. ಒಂದು ವರ್ಷ ಹತ್ತು ತಾಯಂದಿರು, ಮರುವರ್ಷ ಹದಿನಾಲ್ಕು ತಾಯಂದಿರು ತೀರಿಕೊಂಡರೆ ‘ಶೇ 40 ಏರಿಕೆ’ ಎಂದು ಶೀರ್ಷಿಕೆ ಬರುತ್ತದೆ. ಹತ್ತರ ಆಸುಪಾಸಿನ ಎಣಿಕೆಗಳು ಏನೂ ಬದಲಾಗದಿದ್ದರೂ ಮೂರು ನಾಲ್ಕು ಆಚೆ ಈಚೆ ಆಗುತ್ತವೆ. ಮರುವರ್ಷ ಹತ್ತಕ್ಕೆ ಇಳಿದಾಗ ಅದೇ ಕಾರಣಕ್ಕೆ ಬೀಗುವುದೂ ತಪ್ಪು. ಅಷ್ಟು ಚಿಕ್ಕ ಪಟ್ಟಿಗೆ ಶೇಕಡ ಬೇಡ, ಹದಿನಾಲ್ಕು ಕಥೆ ಬೇಕು. ಯಾವ ಹೊತ್ತಿಗೆ ರಕ್ತಸ್ರಾವ ಶುರುವಾಯಿತು, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು, ರಕ್ತ ಎಲ್ಲಿಂದ ತರಬೇಕಾಯಿತು.

ಮಾತು ಮುಗಿದ ಮೇಲೆ ಅರಕಲಗೂಡು ತಾಲ್ಲೂಕಿನ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಲೇಬೇಕು. ‘ಮೇಡಂ, ನನ್ನ ಪಾಲಿಗೆ ಸಾವಿರ ಜನ ಬರುತ್ತಾರೆ. ವರ್ಷಕ್ಕೆ ಆರೋ ಏಳೋ ಸಾವು. ನಾನು ಯಾವ ಗ್ರಾಫ್ ಬರೆಯಲಿ?’

ನೀವು ಗ್ರಾಫ್ ಬರೆಯಬೇಡಿ ಎಂದೆ. ಜಿಲ್ಲೆಯ ಗ್ರಾಫ್ ನಿಮ್ಮಂಥ ಸಾವಿರಾರು ಜನರ ಪುಸ್ತಕಗಳಿಂದ ಆಗುವುದು, ಅಲ್ಲಿನ ಒಂದೊಂದು ಸಾಲು ನಿಜವಾಗಿದ್ದರೆ ಸಾಕು. ನಿಮ್ಮ ಡೈರಿ ತೋರಿಸಿ ಎಂದು ಕೇಳಿದೆ. ಕೈಚೀಲದಿಂದ ತೆಗೆದು ಕೊಟ್ಟರು. ಆ ವರ್ಷದ ಪುಟದಲ್ಲಿ ಐದು ಹೆಸರುಗಳಿದ್ದವು, ಹೆಸರಿನ ಮುಂದೆ ವಯಸ್ಸು, ದಿನಾಂಕ, ‘ಎದೆ ನೋವು’, ‘ವಯೋಸಹಜ’, ‘ಸಕ್ಕರೆ ಕಾಯಿಲೆ’. ಎದೆ ನೋವು ಎಂದಿದ್ದವರಿಗೆ ಐವತ್ತೆರಡು ವರ್ಷ. ನೋವು ಶುರುವಾದದ್ದು ಎಷ್ಟು ಗಂಟೆಗೆ, ಆಸ್ಪತ್ರೆ ಮುಟ್ಟಿದ್ದು ಎಷ್ಟು ಗಂಟೆಗೆ ಎಂದು ಕೇಳಿದೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಕೊಡುತ್ತಾರೆ, ಬೇಗ ತಲುಪಿದಷ್ಟೂ ಅದರ ಫಲ ಹೆಚ್ಚು. ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ರಾತ್ರಿ ಊಟವಾದ ಮೇಲೆ ಶುರುವಾಗಿತ್ತಂತೆ. ಗ್ಯಾಸ್ ಇರಬೇಕು ಎಂದು ಮಲಗಿದ್ದರು. ಬೆಳಗಿನ ಹಾಲಿನ ಗಾಡಿಯಲ್ಲಿ ಕರೆದುಕೊಂಡು ಹೋದದ್ದು’ ಎಂದರು.

ಆಮೇಲೆ ಪಕ್ಕದವರಿಂದ ಸ್ಕೇಲ್ ಕೇಳಿ ಪಡೆದು, ಕೊನೆಯ ಕಾಲಂನ ಪಕ್ಕದಲ್ಲಿ ಇನ್ನೂ ಎರಡು ಗೆರೆ ಎಳೆದರು. ಒಂದರ ಮೇಲೆ ‘ನೋವು ಶುರು’ ಎಂದೂ, ಇನ್ನೊಂದರ ಮೇಲೆ ‘ಆಸ್ಪತ್ರೆ ಮುಟ್ಟಿದ್ದು’ ಎಂದೂ ಬರೆದುಕೊಂಡರು.